ಮದ್ದಿಗೆ ಮೊದಲು ಲದ್ದಿ ನೋಡಿ: ಉತ್ತರ ಕನ್ನಡದಲ್ಲಿ ಕುದುರೆಯ ಜಂತುಹುಳು ಹತೋಟಿ

ವಿಜಯನಗರದ ಕಾಲದಲ್ಲಿ ಅರಬ್ಬೀ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದುದು ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ. ಈಗ ಜಿಲ್ಲೆಯಲ್ಲಿ ಕುದುರೆ ಎಂದರೆ ಕಡಲತೀರದಲ್ಲಿ ಮಕ್ಕಳನ್ನು ಕೂರಿಸಿಕೊಂಡು ನಡೆಯುವುದು, ಮದುವೆಯ ದಿಬ್ಬಣಕ್ಕೆ ಬಾಡಿಗೆಗೆ ಹೋಗುವುದು, ಇಲ್ಲವೇ ಘಟ್ಟದ ಮೇಲಿನ ಯಾವುದೋ ತೋಟದ ಮನೆಯವರು ಆಸೆಗೆಂದು ಕಟ್ಟಿಕೊಂಡದ್ದು. ಸಂಖ್ಯೆ ಕಡಿಮೆಯಾದ್ದರಿಂದ ಕುದುರೆಯ ಆರೈಕೆಯ ಬಗ್ಗೆ ಅಕ್ಕಪಕ್ಕದಲ್ಲಿ ಕೇಳಲು ಜನವಿಲ್ಲ. ಹಾಗಾಗಿ ದನಕ್ಕೆ ಮಾಡಿದ್ದನ್ನೇ ಕುದುರೆಗೂ ಮಾಡುತ್ತಾರೆ: ಮೂರು ತಿಂಗಳಿಗೊಮ್ಮೆ ಅಂಗಡಿಯಲ್ಲಿ ಸಿಕ್ಕ ಜಂತಿನ ಮಾತ್ರೆ, ಕಣ್ಣಳತೆಯ ಪ್ರಮಾಣ, ಹುರುಳಿಯಲ್ಲಿ ಬೆರೆಸಿ ಇಟ್ಟರೆ ಕೆಲಸ ಮುಗಿಯಿತು. ಇದರಲ್ಲಿ ಹಣ ಹೋಗುತ್ತದೆ, ಹುಳು ಹೋಗುವುದಿಲ್ಲ. ಯಾಕೆ ಎಂಬುದನ್ನು ತಿಳಿದುಕೊಂಡರೆ ಮುಂದಿನ ಹೆಜ್ಜೆಗಳು ತಾವಾಗಿ ಅರ್ಥವಾಗುತ್ತವೆ.

ಯಾವ ಹುಳು, ಯಾವ ಕಾಲ

ಬೆಳೆದ ಕುದುರೆಯಲ್ಲಿ ನಾವು ಮುಖ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಸಣ್ಣ ಸ್ಟ್ರಾಂಗೈಲ್ ಎಂಬ ಕರುಳಿನ ಹುಳು. ದೊಡ್ಡ ಕರುಳಿನಲ್ಲಿ ಸಾವಿರಗಟ್ಟಲೆ ಇರುತ್ತದೆ. ಇದರ ಮರಿಹುಳುಗಳು ಕರುಳಿನ ಗೋಡೆಯೊಳಗೆ ಕೋಶ ಕಟ್ಟಿಕೊಂಡು ತಿಂಗಳುಗಟ್ಟಲೆ, ಕೆಲವೊಮ್ಮೆ ಎರಡು ವರ್ಷದವರೆಗೂ ಅಡಗಿ ಕೂರುತ್ತವೆ. ಒಮ್ಮೆಲೇ ಹೊರಬಿದ್ದರೆ ಕುದುರೆಗೆ ನೀರಿನಂತಹ ಭೇದಿ ಹತ್ತಿ ಕೆಲವೇ ವಾರಗಳಲ್ಲಿ ಎಲುಬು ಕಾಣುವಂತಾಗುತ್ತದೆ. ದೊಡ್ಡ ಸ್ಟ್ರಾಂಗೈಲ್ ಇನ್ನೂ ಕ್ರೂರಿ. ಅದರ ಮರಿಹುಳು ಕರುಳಿಗೆ ರಕ್ತ ಒಯ್ಯುವ ಧಮನಿಯಲ್ಲಿ ಬೆಳೆದು, ಅಲ್ಲಿ ರಕ್ತ ಹೆಪ್ಪುಗಟ್ಟಿಸಿ, ಮಾರಣಾಂತಿಕ ಹೊಟ್ಟೆಶೂಲೆ ತರಬಲ್ಲದು. ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಂತಹ ನುಸಿಯ ಮೂಲಕ ಲಾಡಿಹುಳು ಬರುತ್ತದೆ. ಮರಿಗಳಿಗೆ ದುಂಡುಹುಳುವಿನ ಕಾಟ ಬೇರೆ.

ಲದ್ದಿಯ ಜತೆ ಬಿದ್ದ ಸ್ಟ್ರಾಂಗೈಲ್ ಮೊಟ್ಟೆಗೆ ಬೇಕಾದದ್ದು ತೇವ ಮತ್ತು 25ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸಿ. ಎರಡೂ ಸಿಕ್ಕರೆ ಸುಮಾರು ಒಂದು ವಾರದೊಳಗೆ ಸೋಂಕು ತರುವ ಹಂತದ ಮರಿಹುಳು ಸಿದ್ಧ. ಮಳೆಹನಿ ಲದ್ದಿಯನ್ನು ಒಡೆದು ಅದನ್ನು ಹೊರಗೆ ಬಿಡುತ್ತದೆ, ಒದ್ದೆ ಹುಲ್ಲಿನ ಎಸಳನ್ನು ಹಿಡಿದು ಅದು ಮೇಲೆ ಹತ್ತುತ್ತದೆ. ಕಾರವಾರದ ಮಳೆಗಾಲವನ್ನು ಬಲ್ಲವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಅದಕ್ಕೆ ಸರಿಯಾಗಿ ನಮ್ಮ ಕುದುರೆಗಳ ದಿನಚರಿಯೂ ಇದೆ. ಅಕ್ಟೋಬರ್‌ನಿಂದ ಮೇ ತನಕ ಮರಳಿನ ಮೇಲೆ ದುಡಿಮೆ, ಒಣಹುಲ್ಲಿನ ಊಟ. ಆಗ ಹುಳು ಹತ್ತುವ ಅವಕಾಶ ಕಡಿಮೆ. ಜೂನ್ ಬಂದರೆ ಪ್ರವಾಸಿಗರಿಲ್ಲ, ಕೆಲಸವಿಲ್ಲ. ಕುದುರೆಯನ್ನು ಮನೆಯ ಹಿಂದಿನ ಬೇಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ನಾಲ್ಕು ತಿಂಗಳು ಮೇಯಲು ಬಿಡುತ್ತಾರೆ. ವರ್ಷದ ಹುಳುವನ್ನೆಲ್ಲ ಅದು ಹೊಟ್ಟೆಗೆ ಹಾಕಿಕೊಳ್ಳುವುದು ಆ ನಾಲ್ಕು ತಿಂಗಳಲ್ಲೇ.

ಎರಡು ತಿಂಗಳಿಗೊಮ್ಮೆ ಎಂಬ ಹಳೆಯ ಮಾತು

ಎಲ್ಲ ಕುದುರೆಗಳಿಗೂ ಎರಡು ತಿಂಗಳಿಗೊಮ್ಮೆ ಮದ್ದು ಎಂಬ ಸಲಹೆ ಬಂದದ್ದು 1966ರಲ್ಲಿ, ಅಮೆರಿಕದ ಕೆಂಟಕಿಯ ವಿಜ್ಞಾನಿಗಳಾದ ಡ್ರಡ್ಜ್ ಮತ್ತು ಲಯನ್ಸ್ ಅವರಿಂದ. ಅವರ ಗುರಿ ದೊಡ್ಡ ಸ್ಟ್ರಾಂಗೈಲ್. ಆ ಮಟ್ಟಿಗೆ ಸಲಹೆ ಚೆನ್ನಾಗಿಯೇ ಫಲಿಸಿತು. ಆದರೆ ಪದೇಪದೇ ಮದ್ದು ಬಿದ್ದ ಕಡೆ ಸಣ್ಣ ಸ್ಟ್ರಾಂಗೈಲ್ ಅದನ್ನು ಅರಗಿಸಿಕೊಳ್ಳುವುದನ್ನು ಕಲಿಯಿತು. ಫೆನ್‌ಬೆಂಡಜೋಲ್ ಎಂಬ ಜಂತುನಾಶಕಕ್ಕೆ ಬಗ್ಗದ ಹುಳುಗಳು ಇಂದು ಜಗತ್ತಿನ ಬಹುಭಾಗದಲ್ಲಿವೆ, ಪೈರಾಂಟೆಲ್ ಎಂಬ ಇನ್ನೊಂದಕ್ಕೆ ಬಗ್ಗದವು ಹಲವು ಕಡೆ ಇವೆ. ಐವರ್ಮೆಕ್ಟಿನ್ ಕುದುರೆಗೆ ಬಂದದ್ದು 1980ರ ದಶಕದಲ್ಲಿ. ಅಲ್ಲಿಂದೀಚೆಗೆ ಈ ಹುಳುಗಳ ವಿರುದ್ಧ ಕುದುರೆಗೆಂದು ಹೊಸ ವರ್ಗದ ಔಷಧ ಬಂದಿಲ್ಲ. ಡೆನ್ಮಾರ್ಕ್ 1999ರಲ್ಲೇ ಪಶುವೈದ್ಯರ ಚೀಟಿ ಇಲ್ಲದೆ ಜಂತುನಾಶಕ ಮಾರುವುದನ್ನು ನಿಲ್ಲಿಸಿತು. ನಮ್ಮಲ್ಲಿ ಅಂಗಡಿಯವರು ಕೇಳಿದ್ದಕ್ಕಿಂತ ಒಂದು ಹೆಚ್ಚೇ ಕೊಡುತ್ತಾರೆ.

ಹೆಜ್ಜೆ 1: ಲದ್ದಿ ಸಂಗ್ರಹ

ಬೆಳಿಗ್ಗೆ ಕುದುರೆ ಲದ್ದಿ ಹಾಕಿದ ಕೂಡಲೇ, ನೆಲಕ್ಕೆ ತಾಗದ ಭಾಗದಿಂದ ಎರಡು ಮೂರು ಉಂಡೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಚೀಲವನ್ನು ಹಿಂಡಿ ಗಾಳಿ ತೆಗೆದು ಗಂಟು ಹಾಕಿ, ಮೇಲೆ ಕುದುರೆಯ ಹೆಸರು, ದಿನಾಂಕ, ಹೊತ್ತು ಬರೆಯಿರಿ. ಗಾಳಿ ತೆಗೆಯುವುದು ಶಾಸ್ತ್ರಕ್ಕಲ್ಲ: ನಮ್ಮ ಸೆಕೆಯಲ್ಲಿ ಮೊಟ್ಟೆಗಳು ಒಂದೇ ದಿನದಲ್ಲಿ ಒಡೆದು ಮರಿಹುಳುವಾಗಿಬಿಡುತ್ತವೆ, ಆಮೇಲೆ ಎಣಿಸಲು ಮೊಟ್ಟೆಯೇ ಉಳಿಯುವುದಿಲ್ಲ. ಮಂಜುಗಡ್ಡೆ ಹಾಕಿದ ಡಬ್ಬಿಯಲ್ಲಿಟ್ಟು ಅದೇ ದಿನ ಪ್ರಯೋಗಾಲಯ ಮುಟ್ಟಿಸಿ. ತಂಪಾಗಿದ್ದರೆ ಸಾಕು, ಹೆಪ್ಪುಗಟ್ಟಬಾರದು. ಸ್ಕೂಟರಿನ ಡಿಕ್ಕಿಯಲ್ಲಿ ಬಿಸಿಲಿಗೆ ಬೆಂದ ಲದ್ದಿ ಕೊಟ್ಟು ‘ಹುಳು ಇಲ್ಲ’ ಎಂಬ ವರದಿ ತಂದು ಸಂತೋಷಪಡುವುದರಲ್ಲಿ ಅರ್ಥವಿಲ್ಲ.

ಪಶು ಆಸ್ಪತ್ರೆಯಲ್ಲಿ ‘ಮೊಟ್ಟೆ ಇದೆಯೋ ಇಲ್ಲವೋ’ ಎಂದಷ್ಟೇ ಕೇಳಬೇಡಿ. ಒಂದು ಗ್ರಾಂ ಲದ್ದಿಯಲ್ಲಿ ಎಷ್ಟು ಮೊಟ್ಟೆ ಎಂದು ಕೇಳಿ. ಮ್ಯಾಕ್‌ಮಾಸ್ಟರ್ ಗಾಜುಪಟ್ಟಿ ಎಂಬ ಗೀಟು ಹಾಕಿದ ಪಟ್ಟಿಯಿಂದ ಇದನ್ನು ಎಣಿಸುತ್ತಾರೆ. 4 ಗ್ರಾಂ ಲದ್ದಿಯನ್ನು 56 ಮಿಲಿಲೀಟರ್ ಗಟ್ಟಿ ಉಪ್ಪುನೀರಿನಲ್ಲಿ ಕಲಕಿ ಸೋಸಿದರೆ ಮೊಟ್ಟೆಗಳು ಮೇಲೆ ತೇಲುತ್ತವೆ. ಪಟ್ಟಿಯ ಎರಡು ಕೋಣೆಗಳಲ್ಲಿ ಕಂಡ ಮೊಟ್ಟೆಗಳ ಸಂಖ್ಯೆಯನ್ನು 50ರಿಂದ ಗುಣಿಸಿದರೆ ಲೆಕ್ಕ ಸಿಕ್ಕಿತು. ಸೂಕ್ಷ್ಮದರ್ಶಕವಿರುವ ಯಾವ ಪಶುವೈದ್ಯರಿಗೂ ಇದು ಕಷ್ಟದ ಕೆಲಸವಲ್ಲ.

ಕಡಲತೀರದ ಕುದುರೆಯವರು ಅದೇ ಲದ್ದಿಯಲ್ಲಿ ಇನ್ನೊಂದು ಪರೀಕ್ಷೆಯನ್ನು ಮನೆಯಲ್ಲೇ ಮಾಡಬೇಕು. ಐದಾರು ಉಂಡೆಗಳನ್ನು ಗಾಜಿನ ಭರಣಿಯಲ್ಲಿ ಹಾಕಿ, ನೀರು ತುಂಬಿ, ಚೆನ್ನಾಗಿ ಕಲಕಿ ಕಾಲು ಗಂಟೆ ಬಿಡಿ. ನಾರು ಮೇಲೆ ನಿಲ್ಲುತ್ತದೆ. ತಳದಲ್ಲಿ ಬೆರಳಿಗೆ ಗರಗರ ಎನ್ನುವ ಮರಳಿನ ಪದರ ಕಂಡರೆ ಕುದುರೆ ಮರಳು ತಿನ್ನುತ್ತಿದೆ ಎಂದರ್ಥ. ಮೇವನ್ನು ಮರಳಿನ ಮೇಲೇ ಸುರಿಯುವ ಕಡೆ ಇದು ಸಾಮಾನ್ಯ. ಮರಳು ಕಟ್ಟಿದ ಕರುಳೂ ಹೊಟ್ಟೆನೋವು ತರುತ್ತದೆ, ಭೇದಿ ತರುತ್ತದೆ, ಮೈ ಇಳಿಸುತ್ತದೆ. ಅದಕ್ಕೆ ಜಂತಿನ ಮದ್ದು ಎಷ್ಟು ಹಾಕಿದರೂ ಪ್ರಯೋಜನವಿಲ್ಲ. ಮೇವಿನ ತೊಟ್ಟಿ ಬೇಕು, ಹೊಟ್ಟೆ ತುಂಬ ಒಣಹುಲ್ಲು ಬೇಕು.

ಹೆಜ್ಜೆ 2: ಎಣಿಕೆಯನ್ನು ಓದುವುದು

ಗ್ರಾಂಗೆ 200 ಮೊಟ್ಟೆಗಿಂತ ಕಡಿಮೆ ಇದ್ದರೆ ಆ ಬೆಳೆದ ಕುದುರೆ ಕಡಿಮೆ ಮೊಟ್ಟೆ ಹಾಕುವ ಗುಂಪು. 200ರಿಂದ 500 ಮಧ್ಯಮ. 500 ದಾಟಿದರೆ ಹೆಚ್ಚಿನ ಗುಂಪು. ಒಂದೇ ಲಾಯದಲ್ಲಿ, ಒಂದೇ ಮೇವು ತಿನ್ನುವ ಕುದುರೆಗಳಲ್ಲೂ ಈ ವ್ಯತ್ಯಾಸ ಇರುತ್ತದೆ. ಸಾಮಾನ್ಯವಾಗಿ ಹಿಂಡಿನ ಐದರಲ್ಲಿ ಒಂದು ಪಾಲು ಕುದುರೆಗಳೇ ನೆಲಕ್ಕೆ ಬೀಳುವ ಮೊಟ್ಟೆಗಳ ಶೇಕಡಾ 80ರಷ್ಟನ್ನು ಹಾಕುತ್ತವೆ. ಆ ಕುದುರೆ ಯಾವುದು ಎಂದು ಮೈ ನೋಡಿ ಹೇಳಲಾಗದು. ಮಿರಮಿರ ಮಿಂಚುವ ಕುದುರೆಯೇ ಬೇಣವನ್ನೆಲ್ಲ ಕೆಡಿಸುತ್ತಿರಬಹುದು. ಕಡಿಮೆ ಹಾಕುವುದು ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ ಎಂಬುದು ಸಮಾಧಾನದ ಸಂಗತಿ.

ನಮ್ಮ ಹವೆಗೆ ನಾನು ಸೂಚಿಸುವ ಕ್ರಮ ಇದು. ಮೃಗಶಿರ ಮಳೆ ಹಿಡಿಯುವ ಮುಂಚೆ, ಮೇ ಕೊನೆಯಲ್ಲಿ ಒಂದು ಎಣಿಕೆ. 500 ದಾಟಿದ ಕುದುರೆಗೆ ಮಾತ್ರ ಮದ್ದು, ಮಧ್ಯಮದವುಗಳ ಬಗ್ಗೆ ವೈದ್ಯರ ಜತೆ ಕೂತು ನಿರ್ಧಾರ. ಆಗಸ್ಟ್‌ನಲ್ಲಿ ಇನ್ನೊಂದು ಎಣಿಕೆ, ಅದೇ ನಿಯಮ. ನವರಾತ್ರಿ ಮತ್ತು ದೀಪಾವಳಿಯ ನಡುವೆ, ಮಳೆ ಹಿಂದೆ ಸರಿಯುವಾಗ, ಎಣಿಕೆ ಎಷ್ಟೇ ಇರಲಿ ಎಲ್ಲ ಬೆಳೆದ ಕುದುರೆಗಳಿಗೂ ಒಮ್ಮೆ ಮದ್ದು. ದೊಡ್ಡ ಸ್ಟ್ರಾಂಗೈಲ್ ಮತ್ತೆ ತಲೆಯೆತ್ತದಂತೆ ನೋಡಿಕೊಳ್ಳಲು ಈ ಒಂದು ಸುತ್ತು ಬೇಕೇ ಬೇಕು. ಲಾಡಿಹುಳುವಿನ ಮೊಟ್ಟೆ ಸಾಮಾನ್ಯ ಎಣಿಕೆಯಲ್ಲಿ ಸರಿಯಾಗಿ ಕಾಣುವುದಿಲ್ಲ, ಕೋಶ ಕಟ್ಟಿ ಕೂತ ಮರಿಹುಳು ಕಾಣುವುದೇ ಇಲ್ಲ; ಅವಕ್ಕೂ ಈ ಸುತ್ತಿನಲ್ಲೇ ಉತ್ತರ.

‘ಮಳೆಗಾಲಕ್ಕೆ ಮುಂಚೆ ಎಲ್ಲಕ್ಕೂ ಕೊಟ್ಟುಬಿಡೋಣ, ದನಕ್ಕೂ ಹಾಗೇ ತಾನೇ’ ಎನ್ನುವವರಿದ್ದಾರೆ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಬೇಣದ ಮೇಲಿನ ಮರಿಹುಳುಗಳು ಬಹುಪಾಲು ಸತ್ತಿರುತ್ತವೆ. ಆಗ ಎಲ್ಲ ಕುದುರೆಗಳಿಗೂ ಮದ್ದು ಹಾಕಿದರೆ ಬದುಕಿ ಉಳಿಯುವುದು ಮದ್ದಿಗೆ ಬಗ್ಗದ ಹುಳು ಮಾತ್ರ, ಮಳೆ ಬಿದ್ದಾಗ ಬೇಣ ತುಂಬುವುದೂ ಅದರ ಸಂತತಿಯೇ. ಮದ್ದು ತಾಗದ ಹುಳುಗಳು ಒಂದಿಷ್ಟು ಹೊರಗೆ ಉಳಿಯಲಿ. ಅವುಗಳ ಜತೆ ಬೆರೆತಾಗ ಗಟ್ಟಿ ಹುಳುವಿನ ಬಲ ಕುಂದುತ್ತದೆ. ಮದ್ದು ಹಾಕಿದ ದಿನವೇ ಕುದುರೆಯನ್ನು ಹೊಸ ಹುಲ್ಲುಗಾವಲಿಗೆ ಹೊಡೆಯಬಾರದು ಎನ್ನುವುದೂ ಇದೇ ಕಾರಣಕ್ಕೆ.

ಹೆಜ್ಜೆ 3: ತೂಕ

ಕಣ್ಣಳತೆಯಲ್ಲಿ ಕುದುರೆಯ ತೂಕವನ್ನು ಜನ ಸಾಮಾನ್ಯವಾಗಿ ಕಡಿಮೆಯೇ ಹೇಳುತ್ತಾರೆ. ಕಡಿಮೆ ಪ್ರಮಾಣದ ಮದ್ದು ಹುಳುವಿಗೆ ಅಭ್ಯಾಸ ಮಾಡಿಸಿದಂತೆ. ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ, ಡುಬ್ಬದ (ಕುತ್ತಿಗೆ ಬೆನ್ನಿಗೆ ಸೇರುವ ಕಡೆಯ ಉಬ್ಬು) ಹಿಂಬದಿಯಿಂದ ಎದೆಯ ಸುತ್ತಳತೆ ತೆಗೆಯಿರಿ. ಕುದುರೆ ಉಸಿರು ಬಿಟ್ಟಾಗ ಓದಿ. ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಎಲ್ಲವೂ ಸೆಂಟಿಮೀಟರ್‌ನಲ್ಲಿದ್ದರೆ ಉತ್ತರ ಕಿಲೋದಲ್ಲಿ ಬರುತ್ತದೆ. ಸುತ್ತಳತೆ 150, ಉದ್ದ 140 ಇರುವ ಕುದುರೆ ಸುಮಾರು 265 ಕಿಲೋ. ಮದ್ದಿಗೆ ಅದನ್ನು 300 ಎಂದೇ ಹಿಡಿಯಿರಿ. ಮರಿಗಳಿಗೆ ಈ ಸೂತ್ರ ಹೊಂದುವುದಿಲ್ಲ.

ಹೆಜ್ಜೆ 4: ಮದ್ದಿನ ಆಯ್ಕೆ

ನಿರ್ಧಾರ ಪಶುವೈದ್ಯರದು, ಆದರೆ ಹೆಸರು ತಿಳಿದಿದ್ದರೆ ಮಾತು ಸುಲಭ. ಐವರ್ಮೆಕ್ಟಿನ್ ಕಿಲೋಗೆ 0.2 ಮಿಲಿಗ್ರಾಂ, ಬಾಯಿಯ ಮೂಲಕ. ಸ್ಟ್ರಾಂಗೈಲ್‌ಗಳಿಗೂ, ಕುದುರೆಯ ಕೂದಲಿಗೆ ಮೊಟ್ಟೆ ಅಂಟಿಸುವ ಬಾಟ್ ನೊಣದ ಹುಳುವಿಗೂ ಆಗುತ್ತದೆ. ಲಾಡಿಹುಳುವಿಗೆ ಆಗದು, ಆದ್ದರಿಂದ ದೀಪಾವಳಿಯ ಸುತ್ತಿಗೆ ಪ್ರಾಜಿಕ್ವಾಂಟೆಲ್ ಕೂಡಿದ ಪೇಸ್ಟ್ ಒಳ್ಳೆಯದು. ಕೋಶ ಕಟ್ಟಿದ ಮರಿಹುಳುವನ್ನು ಮುಟ್ಟುವುದು ಮಾಕ್ಸಿಡೆಕ್ಟಿನ್, ಕಿಲೋಗೆ 0.4 ಮಿಲಿಗ್ರಾಂ, ಆದರೆ ಬಡಕಲು ಕುದುರೆಗೂ ಆರು ತಿಂಗಳೊಳಗಿನ ಮರಿಗೂ ಅದು ಅಪಾಯ. ಫೆನ್‌ಬೆಂಡಜೋಲ್ ಕಿಲೋಗೆ 5 ಮಿಲಿಗ್ರಾಂ. ನಿಮ್ಮ ಕುದುರೆಯಲ್ಲಿ ಅದು ಇನ್ನೂ ಕೆಲಸ ಮಾಡುತ್ತದೆ ಎಂದು ಪರೀಕ್ಷೆಯಿಂದ ಗೊತ್ತಿದ್ದರೆ ಮಾತ್ರ ನೆಚ್ಚಿಕೊಳ್ಳಿ. ಪ್ರತಿ ಸಲ ಬೇರೆ ಬೇರೆ ಮದ್ದು ಬದಲಿಸುತ್ತ ಹೋದರೆ ಹುಳು ಮೋಸಹೋಗುತ್ತದೆ ಎಂಬ ನಂಬಿಕೆಯನ್ನು ಬಿಡಿ. ಒಂದೊಂದಾಗಿ ಎಲ್ಲವನ್ನೂ ಸೋಲಿಸಲು ಹುಳುವಿಗೆ ನಾವೇ ದಾರಿ ಮಾಡಿಕೊಟ್ಟಂತೆ ಅದು.

ಕುದುರೆಯ ಪೇಸ್ಟ್ ನಮ್ಮ ಪೇಟೆಯ ಅಂಗಡಿಗಳಲ್ಲಿ ಸದಾ ಸಿಗುವುದಿಲ್ಲ. ರೇಸ್ ಕುದುರೆಗಳಿರುವ ಬೆಂಗಳೂರು, ಮೈಸೂರಿನಿಂದ ತರಿಸಬೇಕಾಗಬಹುದು. ಸಿಗಲಿಲ್ಲವೆಂದು ದನದ ಐವರ್ಮೆಕ್ಟಿನ್ ಇಂಜೆಕ್ಷನ್ ಅನ್ನು ಕುದುರೆಗೆ ಚುಚ್ಚಿಸಬೇಡಿ. ಚುಚ್ಚಿದ ಜಾಗ ಬಾತು, ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾದ ಸೋಂಕು ತಗುಲಿ ಪ್ರಾಣಕ್ಕೇ ಬರಬಹುದು. ದನಕ್ಕೆ ಕೊಡುವ ಲೆವಾಮಿಸೋಲ್ ಎಂಬ ಜಂತಿನ ಮದ್ದಿನಲ್ಲಿ ಕುದುರೆಗೆ ತಡೆಯುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಲು ಕಡಿಮೆ. ಕೊಟ್ಟಿಗೆಯ ಕಪಾಟಿನಲ್ಲಿರುವ ಬೇರೆ ಎರಡು ವಸ್ತುಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ: ದನದ ಉಣ್ಣಿಗೆ ಹೊಡೆಯುವ ಅಮಿಟ್ರಾಜ್ ಕುದುರೆಯ ಕರುಳಿನ ಚಲನೆಯನ್ನೇ ನಿಲ್ಲಿಸಬಲ್ಲದು, ಕೋಳಿ, ದನದ ಕೆಲವು ಆಹಾರಗಳಲ್ಲಿ ಬೆರೆಸುವ ಮೊನೆನ್ಸಿನ್ ಕುದುರೆಯ ಹೃದಯಕ್ಕೆ ವಿಷ.

ಶಿರಸಿ, ಸಿದ್ದಾಪುರದ ಕಡೆ ಅಡಿಕೆಪುಡಿಯ ಮಾತು ಬಂದೇ ಬರುತ್ತದೆ. ಅದರಲ್ಲಿ ಸತ್ಯವಿಲ್ಲವೆಂದಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನು ಒಂದು ಕಾಲದಲ್ಲಿ ನಾಯಿಗಳ ಲಾಡಿಹುಳುವಿಗೆ ಪಶುವೈದ್ಯರೇ ಕೊಡುತ್ತಿದ್ದರು. ಕರುಳನ್ನು ಹಿಂಡಿ ಭೇದಿ ಮಾಡಿಸಿ ಹುಳುವನ್ನು ಹೊರದೂಡುವ ಒರಟು ಮದ್ದು ಅದು. ಸುರಕ್ಷಿತವಾದ ಪ್ರಾಜಿಕ್ವಾಂಟೆಲ್ ಬಂದ ಮೇಲೆ ಕೈಬಿಟ್ಟರು. ವಾಂತಿ ಮಾಡಲಾಗದ, ಹೊಟ್ಟೆನೋವಿಗೇ ಸಾಯುವ ಪ್ರಾಣಿಗೆ ಅಂದಾಜಿನ ಅಡಿಕೆಪುಡಿ ಬೇಡ. ಕೆಂಪಡಿಕೆಗೆ ಈಗಿನ ಧಾರಣೆ ನೋಡಿದರೂ ಬೇಡ.

ಹೆಜ್ಜೆ 5: ಬಾಯಿಗೆ ಹಾಕುವುದು

ಪೇಸ್ಟ್ ಬರುವುದು ಸಿರಿಂಜಿನಲ್ಲಿ, ದಂಡದ ಮೇಲೆ ತೂಕದ ಗೆರೆಗಳಿರುತ್ತವೆ. ಬಿಲ್ಲೆಯನ್ನು 300ರ ಗೆರೆಗೆ ತಿರುಗಿಸಿ ಬಿಗಿ ಮಾಡಿ. ಸಡಿಲವಾಗಿದ್ದರೆ ಇಡೀ ಸಿರಿಂಜು ಒಮ್ಮೆಗೇ ಖಾಲಿಯಾಗುತ್ತದೆ. ಕುದುರೆಯ ಬಾಯಲ್ಲಿ ಹುಲ್ಲು, ಹುರುಳಿ ಇರಬಾರದು, ಇದ್ದರೆ ಅದರ ಸಮೇತ ಮದ್ದನ್ನು ಉಗುಳುತ್ತದೆ. ಎಡಬದಿಯಲ್ಲಿ ನಿಂತು ಮುಖಪಟ್ಟಿ ಹಿಡಿಯಿರಿ. ಮುಂಬಲ್ಲಿಗೂ ದವಡೆ ಹಲ್ಲಿಗೂ ನಡುವೆ ಹಲ್ಲಿಲ್ಲದ ಸಂದು ಇದೆಯಲ್ಲ, ಅಲ್ಲಿಂದ ಸಿರಿಂಜಿನ ತುದಿಯನ್ನು ಒಳಗೆ ಬಿಟ್ಟು, ನಾಲಿಗೆಯ ಹಿಂಭಾಗದ ಮೇಲೆ ಮದ್ದನ್ನು ಒತ್ತಿ. ಕೂಡಲೇ ಗಲ್ಲವನ್ನು ಸ್ವಲ್ಪ ಎತ್ತಿ ಹಿಡಿದು, ಗಂಟಲು ಇಳಿದು ಏರುವುದನ್ನು ನೋಡುವವರೆಗೆ ಬಿಡಬೇಡಿ. ಸಿರಿಂಜಿಗೆ ಹೆದರುವ ಕುದುರೆಗೆ ನಾಲ್ಕಾರು ದಿನ ಮುಂಚೆ ಖಾಲಿ ಸಿರಿಂಜಿನಲ್ಲಿ ಬೆಲ್ಲದ ಪಾಕ ಕೊಟ್ಟು ರೂಢಿ ಮಾಡಿಸಿ. ಸೋದೆಯ ವಾದಿರಾಜರು ಇಟ್ಟ ಬೆಲ್ಲದ ಹಯಗ್ರೀವ ಮಡ್ಡಿಯನ್ನು ದೇವರು ಕುದುರೆಯಾಗಿ ಬಂದು ತಿಂದ ಕತೆ ಕೇಳಿ ಬೆಳೆದವರಿಗೆ ಕುದುರೆ ಬೆಲ್ಲಕ್ಕೆ ಸೋಲುತ್ತದೆ ಎಂದು ಬಿಡಿಸಿ ಹೇಳಬೇಕೆ?

ನೆಲಕ್ಕೆ ಬಿದ್ದ ಪೇಸ್ಟನ್ನು ಒರೆಸಿ ತೆಗೆಯಿರಿ. ಕುದುರೆಯ ಪ್ರಮಾಣದ ಐವರ್ಮೆಕ್ಟಿನ್ ನೆಕ್ಕಿದ ನಾಯಿಗೆ ನಡುಕ, ಕುರುಡು, ಸಾವು ಬರಬಹುದು.

ಹೆಜ್ಜೆ 6: ಹದಿನಾಲ್ಕನೇ ದಿನದ ಎಣಿಕೆ

ಎಲ್ಲರೂ ಬಿಟ್ಟುಬಿಡುವ ಹೆಜ್ಜೆ ಇದು. ಮದ್ದು ಹಾಕಿದ 14ನೇ ದಿನ ಅದೇ ಕುದುರೆಯ ಲದ್ದಿಯನ್ನು ಮತ್ತೆ ಎಣಿಸಿ. ಮೊದಲು 800 ಇದ್ದದ್ದು ಈಗ 80 ಆಗಿದ್ದರೆ ಶೇಕಡಾ 90ರಷ್ಟು ಇಳಿದಿದೆ. ಕೇಳಲು ಚೆನ್ನಾಗಿದೆ, ಆದರೆ ಐವರ್ಮೆಕ್ಟಿನ್ ಮಟ್ಟಿಗೆ ಇದು ಸೋಲು: ಅದರ ನಂತರ ಮೊಟ್ಟೆ ಬಹುತೇಕ ಸೊನ್ನೆಯಾಗಬೇಕು, 95ಕ್ಕಿಂತ ಕಡಿಮೆ ಇಳಿದರೆ ಹುಳು ಬಗ್ಗುತ್ತಿಲ್ಲ ಎಂದೇ ತಿಳಿಯಬೇಕು. ಫೆನ್‌ಬೆಂಡಜೋಲ್‌ಗೆ ಆ ಗೆರೆ 90. ಪ್ರಮಾಣ ಸರಿಯಾಗಿತ್ತೇ, ಉಗುಳಿತ್ತೇ, ಮದ್ದಿನ ಅವಧಿ ಮುಗಿದಿತ್ತೇ ಎಂದು ಮೊದಲು ನೋಡಿ. ಅವೆಲ್ಲ ಸರಿಯಿದ್ದರೆ ಆ ಮದ್ದನ್ನು ಆ ಲಾಯದಲ್ಲಿ ಇನ್ನು ಬಳಸಬೇಡಿ. ಒಂದೋ ಎರಡೋ ಕುದುರೆ ಇರುವ ಕಡೆ ಒಂದೇ ಪರೀಕ್ಷೆಯಿಂದ ತೀರ್ಪು ಕೊಡದೆ ಮುಂದಿನ ಸಲವೂ ಎಣಿಸಿ ನೋಡುವುದು ವಾಸಿ.

ಹೆಜ್ಜೆ 7: ನೆಲ

ನನ್ನ ಮಟ್ಟಿಗೆ ಸಿರಿಂಜಿಗಿಂತ ಸಲಿಕೆ ದೊಡ್ಡದು. ಬೇಣದಲ್ಲಿ ಬಿದ್ದ ಲದ್ದಿಯನ್ನು ವಾರಕ್ಕೆ ಎರಡು ಸಲ ಎತ್ತಿದರೆ ಮರಿಹುಳು ಹುಲ್ಲು ಹತ್ತುವ ಮುಂಚೆಯೇ ಹೊರಗೆ ಹೋಗುತ್ತದೆ. ಮಳೆಗಾಲದಲ್ಲಿ ಲದ್ದಿ ಒಂದೇ ದಿನದಲ್ಲಿ ಕರಗುವುದರಿಂದ ನಿತ್ಯ ಎತ್ತುವುದು ಒಳ್ಳೆಯದು. ಎತ್ತಿದ್ದನ್ನು ದರಕು (ಒಣಗಿದ ಎಲೆ), ಸೊಪ್ಪಿನ ಜತೆ ಗೊಬ್ಬರದ ಗುಂಡಿಗೆ ಹಾಕಿ. ರಾಶಿ ಬಿಸಿಯಾಗಿ ಬೆಂದರೆ ಮೊಟ್ಟೆ, ಮರಿಹುಳು ಸಾಯುತ್ತವೆ. ಅಂಚಿನಲ್ಲಿ ತಣ್ಣಗೆ ಉಳಿದದ್ದನ್ನು ಆಗಾಗ ಒಳಕ್ಕೆ ತಿರುವಬೇಕು.

ತೋಟದ ಮನೆಗಳಲ್ಲಿ ಒಂದು ಸೂಕ್ಷ್ಮವಿದೆ. ಹಸಿ ಲದ್ದಿಯನ್ನು ಅಡಿಕೆಮರದ ಬುಡಕ್ಕೆ ಹಾಕುತ್ತಾರೆ, ಕುದುರೆ ಅಲ್ಲಿ ಮೇಯುವುದಿಲ್ಲವಲ್ಲ ಎಂಬ ಧೈರ್ಯ. ಆದರೆ ಅದೇ ತೋಟದ ಹುಲ್ಲನ್ನು ಕೊಯ್ದು ಸಂಜೆ ಲಾಯಕ್ಕೆ ತರುತ್ತಾರೆ! ಕುದುರೆ ಹೋಗದಿದ್ದರೂ ಹುಳು ಹೊರೆಯ ಜತೆ ಬಂತು. ಬೆಂದ ಗೊಬ್ಬರ ಮಾತ್ರ ತೋಟಕ್ಕೆ; ಇಲ್ಲವಾದರೆ ಆ ಹುಲ್ಲು ದನಕ್ಕೆ.

ದನದ ಮಾತು ಬಂತು. ಕುದುರೆಯ ಹುಳುಗಳಲ್ಲಿ ಹೆಚ್ಚಿನವು ದನದ ಹೊಟ್ಟೆಯಲ್ಲಿ ಬದುಕುವುದಿಲ್ಲ, ದನದವು ಕುದುರೆಯಲ್ಲಿ ಬದುಕುವುದಿಲ್ಲ. ಬೇಣವನ್ನು ಎರಡು ಪಾಲು ಮಾಡಿ, ಕುದುರೆ ಮೇಯ್ದ ಪಾಲಿಗೆ ಮಲೆನಾಡು ಗಿಡ್ಡಗಳನ್ನು ಬಿಟ್ಟರೆ ಅವು ಮರಿಹುಳುಗಳನ್ನು ಹುಲ್ಲಿನ ಸಮೇತ ನುಂಗಿ ಮುಗಿಸುತ್ತವೆ. ಮನೆಯಲ್ಲಿ ದನ ಇರುವವರಿಗೆ ಇದು ಖರ್ಚಿಲ್ಲದ ಉಪಾಯ.

ಮುಂಗಾಲಿನ ಕೂದಲಿಗೆ ಅಂಟಿದ ಹಳದಿ ಚುಕ್ಕೆಗಳು ಕಂಡರೆ ಅವು ಬಾಟ್ ನೊಣದ ಮೊಟ್ಟೆ. ಕುದುರೆ ನೆಕ್ಕುವ ಮುಂಚೆ ಮೊಂಡು ಅಲಗಿನಿಂದ ಹೆರೆದು ತೆಗೆಯಿರಿ.

ಮರಿ, ಹೊಸ ಕುದುರೆ

ಮರಿಗಳಿಗೆ ಮೇಲಿನ ಎಣಿಕೆಯ ನಿಯಮ ಅನ್ವಯಿಸುವುದಿಲ್ಲ. ಎರಡು ಮೂರು ತಿಂಗಳಿಗೆ ದುಂಡುಹುಳುವಿಗೆಂದು ಮೊದಲ ಮದ್ದು; ಇದಕ್ಕೆ ಐವರ್ಮೆಕ್ಟಿನ್‌ಗಿಂತ ಫೆನ್‌ಬೆಂಡಜೋಲ್ ಮೇಲು, ಏಕೆಂದರೆ ದುಂಡುಹುಳು ಬಗ್ಗದಿರುವುದು ಹೆಚ್ಚಾಗಿ ಐವರ್ಮೆಕ್ಟಿನ್‌ಗೆ. ಎರಡನೆಯದು ಹಾಲು ಬಿಡಿಸುವ ಹೊತ್ತಿಗೆ, ಲದ್ದಿ ನೋಡಿ. ಹೊಟ್ಟೆ ಡೊಳ್ಳಾಗಿ ಮೈ ಒಣಗಿದ ಮರಿಗೆ ಮನೆಯಲ್ಲಿ ಮದ್ದು ಹಾಕಲೇಬೇಡಿ. ಸತ್ತ ದುಂಡುಹುಳುಗಳು ಗಂಟಾಗಿ ಸಣ್ಣಕರುಳನ್ನು ಕಟ್ಟಿ ಮರಿ ಸಾಯುವುದುಂಟು. ವೈದ್ಯರನ್ನು ಕರೆಸಿ, ದೂರದ ಹಳ್ಳಿಯಾದರೆ ಸಂಚಾರಿ ಪಶು ಚಿಕಿತ್ಸೆಗೆ 1962ಕ್ಕೆ ಫೋನ್ ಮಾಡಿ. ಮದ್ದಿನ ನಂತರ ಯಾವ ಕುದುರೆಯೇ ಆಗಲಿ ನೆಲ ಕೆರೆದು, ಪಕ್ಕೆ ನೋಡಿಕೊಳ್ಳುತ್ತ, ಬಿದ್ದು ಹೊರಳಿದರೂ ಅಷ್ಟೇ.

ಹೊಸದಾಗಿ ಕೊಂಡು ತಂದ ಕುದುರೆಯ ಹೊಟ್ಟೆಯಲ್ಲಿ ಮದ್ದಿಗೆ ಬಗ್ಗದ ಹುಳು ಬರುವ ಸಂಭವ ಹೆಚ್ಚು. ಅದನ್ನು ಪ್ರತ್ಯೇಕ ಕಟ್ಟಿ, ಲದ್ದಿ ಎಣಿಸಿ, ಮದ್ದು ಹಾಕಿ, 14 ದಿನದ ನಂತರ ಮತ್ತೆ ಎಣಿಸಿ, ಮೊಟ್ಟೆ ಇಲ್ಲವೆಂದಾದ ಮೇಲೆ ಬೇಣಕ್ಕೆ ಬಿಡಿ. ಅದೇ ಅವಧಿಯಲ್ಲಿ ಪಶುವೈದ್ಯರಿಂದ ಗ್ಲಾಂಡರ್ಸ್ ರೋಗಕ್ಕೆ ರಕ್ತದ ಮಾದರಿಯನ್ನೂ ತೆಗೆಸಿ ಹರಿಯಾಣದ ಹಿಸ್ಸಾರಿನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಂತಹ ಕಡೆ ಪರೀಕ್ಷೆಗೆ ಕಳಿಸಲು ಕೇಳಿ. ಅದು ಹುಳುವಿಗೆ ಸಂಬಂಧಿಸಿದ್ದಲ್ಲ, ಆದರೆ ಮನುಷ್ಯರಿಗೂ ಹರಡುವ ರೋಗ, ಮತ್ತು ಕುದುರೆ ಬೇರೆ ಕಟ್ಟಿದ್ದಾಗಲೇ ಮಾಡಿಸುವುದು ಸುಲಭ.